ಅಪೆಂಡಿಕ್ಸ್ ಅಂದುಕೊಂಡ ಹೊಟ್ಟೆನೋವು ಡಿಕೆಎ ಆಗಿತ್ತು: ಅನುಭವ ಇರುವವರು ಬರೆಯಿರಿ

ದಾವಣಗೆರೆ_ಮಾವ

ಎಲ್ಲರಿಗೂ ನಮಸ್ಕಾರ. ಡಿಕೆಎ, ಅಂದರೆ ಡಯಾಬೆಟಿಕ್ ಕೀಟೋಅಸಿಡೋಸಿಸ್ ಬಗ್ಗೆ ಬರೆಯುತ್ತಿದ್ದೇನೆ, ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಏರುವ ಸಕ್ಕರೆ ಕಾಯಿಲೆಯ ತೊಂದರೆ ಇದು. ಹೋದ ತಿಂಗಳವರೆಗೆ ಈ ಹೆಸರೇ ನಮಗೆ ಗೊತ್ತಿರಲಿಲ್ಲ.

ನಮ್ಮ ಅಕ್ಕನ ಮಗಳಿಗೆ ಹನ್ನೊಂದು ವರ್ಷ. ಇದ್ದಕ್ಕಿದ್ದಂತೆ ವಾಂತಿ ಶುರುವಾಯಿತು, ಹಿಂದೆಯೇ ವಿಪರೀತ ಹೊಟ್ಟೆನೋವು. ಊರಿನ ಕ್ಲಿನಿಕ್‌ನಲ್ಲಿ ಜಂತುಹುಳು ಇರಬಹುದು ಅಂತ ಮಾತ್ರೆ ಕೊಟ್ಟರು, ಸುಸ್ತಾಗಿದ್ದಾಳೆ ಅಂತ ಒಂದು ಬಾಟಲಿ ಗ್ಲುಕೋಸ್ ಹಾಕಿ ಕಳಿಸಿದರು. ಮನೆಗೆ ಬಂದ ಮೇಲೆ ಪಕ್ಕದ ಮನೆ ಅಜ್ಜಿ ಬಟ್ಟಿ ಬಿದ್ದಿದೆ ಅಂತ ಹೊಟ್ಟೆ ನೀವಿದರು. ರಾತ್ರಿ ಹೊತ್ತಿಗೆ ಮಗು ಮಂಡಿ ಮಡಚಿಕೊಂಡು ಒಂದೇ ಮಗ್ಗುಲಲ್ಲಿ ಮಲಗಿತ್ತು, ಹೊಟ್ಟೆ ಮುಟ್ಟಲು ಹೋದರೆ ಕಿರುಚುತ್ತಿತ್ತು. ಬೆಳಗಿನ ಜಾವ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಅಲ್ಲಿ ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ 18,000 ಬಂತು. ಹೊಟ್ಟೆ ಗಟ್ಟಿ ಇತ್ತು. ಅಪೆಂಡಿಕ್ಸ್ ಒಡೆದಿರಬಹುದು, ತಡ ಮಾಡೋದು ಬೇಡ ಅಂದರು. ಭಾವ ಫಾರ್ಮ್‌ಗೆ ಸಹಿಯೂ ಹಾಕಿದರು. ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರ್ ಬಂದು ನೋಡಬೇಕಲ್ವಾ, ಅವರು ಬಂದರು. ಹೊಟ್ಟೆಯ ಮೇಲೆ ಕೈ ಇಡುವ ಮೊದಲೇ ಮಂಚದ ಪಕ್ಕ ನಿಂತು ಅವಳು ಉಸಿರಾಡುವುದನ್ನು ಸ್ವಲ್ಪ ಹೊತ್ತು ನೋಡಿದರು. ಓಡಿ ಬಂದವರು ಏದುಸಿರು ಬಿಡುವ ಹಾಗೆ, ಆದರೆ ಆಳವಾಗಿ, ಒಂದೇ ಸಮ. "ಈ ಮಗುಗೆ ಶುಗರ್ ನೋಡಿದ್ದೀರಾ ಸಿಸ್ಟರ್?" ಅಂದರು. ನೋಡಿರಲಿಲ್ಲ. ಸಿಸ್ಟರ್ ಬೆರಳು ಚುಚ್ಚಿ ಮೀಟರ್‌ಗೆ ಹಚ್ಚಿದರೆ ಸಂಖ್ಯೆಯೇ ಬರಲಿಲ್ಲ, ‘ಹೈ’ ಅಂತ ಬಂತು. ಮೀಟರ್ ಅಳೆಯುವ ಮಿತಿಯನ್ನೇ ದಾಟಿತ್ತು. ಆಪರೇಷನ್ ನಿಂತಿತು, ಐಸಿಯುಗೆ ಹೋದಳು. ಇನ್ಸುಲಿನ್, ಡ್ರಿಪ್ ಶುರುವಾಗಿ ಸಂಜೆ ಹೊತ್ತಿಗೆ ಹೊಟ್ಟೆನೋವು ತಾನಾಗಿಯೇ ಹೋಯಿತು. ಅಪೆಂಡಿಕ್ಸ್‌ಗೆ ಏನೂ ಆಗಿರಲಿಲ್ಲ.

ಈಗ ಮನೆಗೆ ಬಂದಿದ್ದಾಳೆ, ಚೆನ್ನಾಗಿದ್ದಾಳೆ, ಟೈಪ್ ಒನ್ ಸಕ್ಕರೆ ಕಾಯಿಲೆ, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗದ ಬಗೆ, ಅಂದಿದ್ದಾರೆ. ನನ್ನ ಪ್ರಶ್ನೆ ಇಷ್ಟು. ಸಕ್ಕರೆ ಕಾಯಿಲೆಗೂ ಹೊಟ್ಟೆನೋವಿಗೂ ಏನು ಸಂಬಂಧ? ಇದು ಅಪರೂಪವಾ, ಇಲ್ಲ ನಮಗೆ ಮಾತ್ರ ಗೊತ್ತಿಲ್ಲದ್ದಾ? ಬೇರೆಯವರ ಮನೆಯಲ್ಲೂ ಹೀಗೆ ಆಗಿದ್ದರೆ ದಯವಿಟ್ಟು ಬರೆಯಿರಿ.

ಕ್ಯಾಶುವಾಲ್ಟಿ_ಡ್ಯೂಟಿ

ಮಗು ಚೆನ್ನಾಗಿದ್ದಾಳೆ ಅಂತ ಓದಿ ನಿಜಕ್ಕೂ ಸಮಾಧಾನ ಆಯಿತು ಸರ್. ಆ ಅರಿವಳಿಕೆ ಡಾಕ್ಟರ್‌ಗೆ ನನ್ನ ಕಡೆಯಿಂದಲೂ ನಮಸ್ಕಾರ. ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಗೊತ್ತಿರುವಷ್ಟು ಹೇಳುತ್ತೇನೆ.

ಇದು ಖಂಡಿತ ಅಪರೂಪ ಅಲ್ಲ. 2002ರಲ್ಲಿ ಬಂದ ಒಂದು ಅಮೆರಿಕನ್ ಅಧ್ಯಯನದಲ್ಲಿ ಡಿಕೆಎ ಆಗಿದ್ದ 189 ಜನರಲ್ಲಿ 86 ಜನಕ್ಕೆ ಹೊಟ್ಟೆನೋವಿತ್ತು. ಹೆಚ್ಚು ಕಡಿಮೆ ಅರ್ಧದಷ್ಟು. ಅದರಲ್ಲಿ ನನಗೆ ಮುಖ್ಯ ಅನಿಸಿದ್ದು ಇನ್ನೊಂದು ವಿಷಯ. ರಕ್ತದಲ್ಲಿ ಆಮ್ಲ ಜಾಸ್ತಿ ಆದಷ್ಟೂ ಹೊಟ್ಟೆನೋವು ಜಾಸ್ತಿ ಕಂಡುಬಂತು, ಆದರೆ ಸಕ್ಕರೆ ಎಷ್ಟಿತ್ತು ಅನ್ನೋದಕ್ಕೂ ನೋವಿಗೂ ಸಂಬಂಧ ಇರಲಿಲ್ಲ. ಹಾಗಾಗಿ ಹೊಟ್ಟೆ ತುಂಬಾ ನೋಯುತ್ತಿದೆ ಅಂದರೆ ಸಾಮಾನ್ಯವಾಗಿ ಕಾಯಿಲೆ ಮುಂದುವರಿದಿದೆ ಅಂತಲೇ ತಿಳಿಯಬೇಕು.

ಒಳಗೆ ಆಗೋದು ಹೀಗೆ. ಇನ್ಸುಲಿನ್ ಇಲ್ಲದಿದ್ದರೆ ರಕ್ತದ ತುಂಬ ಸಕ್ಕರೆ ಇದ್ದರೂ ಮಾಂಸಖಂಡಕ್ಕೆ ಅದು ಸಿಗೋದಿಲ್ಲ. ದೇಹ ಕೊಬ್ಬು ಕರಗಿಸಲು ಶುರು ಮಾಡುತ್ತದೆ, ಲಿವರ್ ಆ ಕೊಬ್ಬಿನಿಂದ ಕೀಟೋನ್ ತಯಾರಿಸುತ್ತದೆ. ಕೀಟೋನ್‌ಗಳಲ್ಲಿ ಮುಖ್ಯವಾದ ಎರಡು ಆಮ್ಲಗಳು. ನಮ್ಮ ರಕ್ತದ ಪಿಎಚ್ (ಆಮ್ಲದ ಅಳತೆ, ಇದು ಇಳಿದಷ್ಟೂ ಆಮ್ಲ ಜಾಸ್ತಿ) ಮಾಮೂಲಾಗಿ 7.35ರಿಂದ 7.45. ಡಿಕೆಎಯಲ್ಲಿ ಅದು 7.3ಕ್ಕಿಂತ ಕೆಳಗೆ ಹೋಗುತ್ತದೆ, ತೀವ್ರವಾದರೆ 7.0ಕ್ಕಿಂತಲೂ ಕೆಳಗೆ. ಆ ಆಮ್ಲವನ್ನು ಹೊರಹಾಕಲು ಶ್ವಾಸಕೋಶ ಆಳವಾಗಿ, ಜೋರಾಗಿ ಉಸಿರಾಡುತ್ತದೆ. 1874ರಲ್ಲಿ ಜರ್ಮನಿಯ ವೈದ್ಯ ಕುಸ್ಮಾಲ್ ಇದನ್ನು ವಿವರಿಸಿದರು, ಇವತ್ತಿಗೂ ಅವರ ಹೆಸರಲ್ಲೇ ಕರೆಯುತ್ತೇವೆ. ನಿಮ್ಮ ಅರಿವಳಿಕೆ ಡಾಕ್ಟರ್ ನೋಡಿದ್ದು ಅದನ್ನೇ.

ಇನ್ನು ಹೊಟ್ಟೆ. ಆಮ್ಲ ಹೆಚ್ಚಾಗಿ, ಪೊಟ್ಯಾಸಿಯಂ ಏರುಪೇರಾಗಿ, ನೀರಿನಂಶ ಖಾಲಿಯಾದಾಗ ಜಠರ ಮತ್ತು ಕರುಳಿನ ಚಲನೆ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಹೊಟ್ಟೆ ಉಬ್ಬುತ್ತದೆ, ವಾಂತಿ ಆಗುತ್ತದೆ, ಮುಟ್ಟಿದರೆ ನೋಯುತ್ತದೆ. ಸೋಂಕು ಇಲ್ಲದಿದ್ದರೂ ಡಿಕೆಎಯಲ್ಲಿ ಬಿಳಿ ರಕ್ತಕಣ ಏರುತ್ತದೆ. ಪ್ಯಾಂಕ್ರಿಯಾಸ್‌ನ ಕಿಣ್ವಗಳಾದ ಅಮೈಲೇಸ್, ಲೈಪೇಸ್ ಕೂಡ ಸ್ವಲ್ಪ ಏರಬಹುದು. ಹಾಗಾಗಿ ರಿಪೋರ್ಟ್ ಹಾಳೆ ಹಿಡಿದು ನೋಡಿದರೆ ಅಪೆಂಡಿಕ್ಸ್ ಅಥವಾ ಪ್ಯಾಂಕ್ರಿಯಾಸ್ ಊತ ಅಂತಲೇ ಕಾಣುತ್ತದೆ. ಅನುಭವ ಇರುವ ಸರ್ಜನ್‌ಗಳಿಗೂ ಗೊಂದಲ ಆಗುವುದು ಇದಕ್ಕೇ.

ಒಂದು ಸುಳಿವು ಇದೆ, ಆದರೆ ಅದನ್ನೇ ಪೂರ್ತಿ ನಂಬಬಾರದು. ಅಪೆಂಡಿಕ್ಸ್‌ನಲ್ಲಿ ಸಾಮಾನ್ಯವಾಗಿ ಮೊದಲು ನೋವು, ಆಮೇಲೆ ವಾಂತಿ. ಡಿಕೆಎಯಲ್ಲಿ ಹೆಚ್ಚಾಗಿ ಬಾಯಾರಿಕೆ, ಮೂತ್ರ, ವಾಂತಿ ಮೊದಲು ಬಂದು ನೋವು ಹಿಂದಿನಿಂದ ಬರುತ್ತದೆ. ನಿಮ್ಮ ಸೊಸೆಗೆ ಹಿಂದಿನ ವಾರಗಳಲ್ಲಿ ಬಾಯಾರಿಕೆ ಜಾಸ್ತಿ ಇತ್ತಾ? ತೂಕ ಇಳಿದಿತ್ತಾ?

ದಾವಣಗೆರೆ_ಮಾವ

ಇತ್ತು ಡಾಕ್ಟ್ರೇ. ಈಗ ಕೂತು ನೆನಪು ಮಾಡಿಕೊಂಡರೆ ಎಲ್ಲವೂ ಇತ್ತು. ಶಾಲೆಗೆ ಒಂದು ಲೀಟರ್ ಬಾಟಲಿ ಒಯ್ಯುತ್ತಿದ್ದವಳು ಎರಡು ಒಯ್ಯುತ್ತಿದ್ದಳು. ಬೇಸಿಗೆ, ಕುಡೀತಾಳೆ ಅಂತ ಎಲ್ಲರೂ ಅಂದುಕೊಂಡರು. ರಾತ್ರಿ ಎದ್ದೆದ್ದು ಹೋಗುತ್ತಿದ್ದಳು. ಲಂಗ ಸೊಂಟದಲ್ಲಿ ನಿಲ್ಲುತ್ತಿಲ್ಲ ಅಂತ ಅಕ್ಕ ಪಿನ್ ಹಾಕಿ ಕಳಿಸುತ್ತಿದ್ದಳು, ಉದ್ದ ಆಗುತ್ತಿದ್ದಾಳೆ ಅದಕ್ಕೆ ತೆಳ್ಳಗಾಗಿದ್ದಾಳೆ ಅಂತ ಅಜ್ಜಿ ಹೇಳುತ್ತಿದ್ದರು. ಬಚ್ಚಲಲ್ಲಿ ಇರುವೆ ಮುತ್ತುತ್ತಿದ್ದವು, ಅದಕ್ಕೆ ಫಿನಾಯಿಲ್ ಹಾಕಿ ತೊಳೆದಿದ್ದರು.

ಇನ್ನೊಂದು ಕೇಳಬೇಕು. ಮೊದಲ ದಿನ ಗ್ಲುಕೋಸ್ ಬಾಟಲಿ ಹಾಕಿದ್ದರಲ್ಲ, ಅದರಿಂದ ಜಾಸ್ತಿ ಆಯಿತಾ?

ಕ್ಯಾಶುವಾಲ್ಟಿ_ಡ್ಯೂಟಿ

ಕಾಯಿಲೆ ಅದರಿಂದ ಬಂದಿದ್ದಲ್ಲ, ಅದಾಗಲೇ ಶುರುವಾಗಿತ್ತು. ಆದರೆ ಸಕ್ಕರೆ ಇನ್ನೂ ಮೇಲೆ ಹೋಗಿರುತ್ತದೆ. 5 ಪರ್ಸೆಂಟ್ ಡೆಕ್ಸ್‌ಟ್ರೋಸ್‌ನ 500 ಎಂಎಲ್ ಬಾಟಲಿ ಅಂದರೆ 25 ಗ್ರಾಂ ಸಕ್ಕರೆ ನೇರ ರಕ್ತಕ್ಕೆ. ನಮ್ಮ ಕಡೆ ಸುಸ್ತು ಅಂದರೆ ಸಾಕು, "ಒಂದು ಬಾಟಲಿ ಗ್ಲುಕೋಸ್ ಹಾಕಿಸಿ" ಅಂತ ರೋಗಿಯ ಕಡೆಯವರೇ ಕೇಳುತ್ತಾರೆ. ಅನೇಕ ಸಲ ಹಾಕುವುದು ಬರೀ ಸಲೈನ್ ಇರುತ್ತದೆ, ಜನ ಅದಕ್ಕೂ ಗ್ಲುಕೋಸ್ ಅಂತಲೇ ಹೇಳುತ್ತಾರೆ. ಯಾವುದು ಹಾಕಿದ್ದರು ಅಂತ ಚೀಟಿಯಲ್ಲಿ ಇರುತ್ತದೆ ನೋಡಿ. ನನ್ನ ಕೋರಿಕೆ ಒಂದೇ. ಸುಸ್ತು, ವಾಂತಿ ಅಂತ ಡ್ರಿಪ್ ಹಾಕುವ ಯಾವ ಕ್ಲಿನಿಕ್ ಆದರೂ ಸರಿ, ಸೂಜಿ ಚುಚ್ಚುವಾಗ ಬರುವ ಆ ಒಂದು ಹನಿ ರಕ್ತವನ್ನು ಮೀಟರ್‌ಗೆ ಹಚ್ಚಲಿ. ಐದು ಸೆಕೆಂಡಿನ ಕೆಲಸ.

ಓದುಗ_ತುಮಕೂರು

ಡಾಕ್ಟರ್ ಹೇಳಿದ್ದು ಒಪ್ಪುತ್ತೇನೆ, ಆದರೂ ಒಂದು ಮಾತು. ಹೊಟ್ಟೆನೋವು ಅಂತ ದಿನಾ ನೂರಾರು ಜನ ಬರುತ್ತಾರೆ. ಬಹಳಷ್ಟು ಗ್ಯಾಸ್ಟ್ರಿಕ್, ಹೊರಗಡೆ ತಿಂದಿದ್ದು, ಕಲ್ಲು. ಎಲ್ಲರಿಗೂ ಶುಗರ್ ಟೆಸ್ಟ್, ಕೀಟೋನ್ ಟೆಸ್ಟ್ ಅಂದರೆ ಈಗಾಗಲೇ ಬಿಲ್ ನೋಡಿ ಹೆದರುವ ಜನ ಇನ್ನೂ ಹೆದರಿ ಆಸ್ಪತ್ರೆಗೇ ಬರೋದಿಲ್ಲ. ಎಲ್ಲದಕ್ಕೂ ಟೆಸ್ಟ್ ಬರೆಯುತ್ತಾರೆ ಅನ್ನೋ ಸಿಟ್ಟು ಜನರಲ್ಲಿ ಇದ್ದೇ ಇದೆ ಅಲ್ವಾ?

ಕ್ಯಾಶುವಾಲ್ಟಿ_ಡ್ಯೂಟಿ

ನಿಮ್ಮ ಮಾತಲ್ಲಿ ನ್ಯಾಯ ಇದೆ. ಎಲ್ಲರಿಗೂ ಎಲ್ಲ ಟೆಸ್ಟ್ ಬೇಡ. ಆದರೆ ಬೆರಳು ಚುಚ್ಚಿ ನೋಡುವ ಶುಗರ್ ಅನ್ನು ಸ್ಕ್ಯಾನಿಂಗ್ ಜೊತೆ ಸೇರಿಸಬೇಡಿ. ಒಂದು ಸ್ಟ್ರಿಪ್‌ಗೆ ಹೋಟೆಲ್ ತಿಂಡಿಯ ದುಡ್ಡೂ ಆಗೋದಿಲ್ಲ. ಬಿಪಿ, ಜ್ವರ ನೋಡುವ ಹಾಗೆ ಅದನ್ನೂ ನೋಡಬೇಕು. ಅದರಲ್ಲೂ ಹೊಟ್ಟೆನೋವಿನ ಜೊತೆ ವಾಂತಿ ನಿಲ್ಲದಿದ್ದರೆ, ಬಾಯಿ ಒಣಗಿದ್ದರೆ, ಉಸಿರು ಜೋರಾಗಿದ್ದರೆ, ರೋಗಿ ಮಂಪರಿನಲ್ಲಿದ್ದರೆ ನೋಡದೆ ಬಿಡುವ ಪ್ರಶ್ನೆಯೇ ಇಲ್ಲ. ಹೊಟ್ಟೆಗೆ ಚಾಕು ಹಾಕುವ ಮುಂಚೆ ಅಂತೂ ಯಾರಿಗೇ ಆದರೂ ನೋಡಬೇಕು. ಕೀಟೋನ್ ಟೆಸ್ಟ್ ಎಲ್ಲರಿಗೂ ಬೇಡ, ಶುಗರ್ ಜಾಸ್ತಿ ಬಂದವರಿಗೆ, ಮೊದಲೇ ಸಕ್ಕರೆ ಕಾಯಿಲೆ ಇರುವವರಿಗೆ ಸಾಕು.

ಮೈಸೂರು_ಮಗಳು

"ಮೊದಲೇ ಸಕ್ಕರೆ ಕಾಯಿಲೆ ಇರುವವರಿಗೆ" ಅಂದಿರಲ್ಲ ಸರ್, ಆ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ನಮ್ಮ ಅಪ್ಪನ ಕಥೆ ಹೇಳುತ್ತೇನೆ.

ಅಪ್ಪನಿಗೆ ಟೈಪ್ ಟೂ, ಬಹಳ ವರ್ಷದಿಂದ. ಮೆಟ್‌ಫಾರ್ಮಿನ್ ಜೊತೆ ಡಾಪಾಗ್ಲಿಫ್ಲೋಜಿನ್ ಅನ್ನೋ ಶುಗರ್ ಮಾತ್ರೆಯನ್ನೂ ತಗೊಳ್ಳುತ್ತಿದ್ದರು. ನವರಾತ್ರಿಯಲ್ಲಿ ಅಪ್ಪ ಒಪ್ಪೊತ್ತು ಮಾಡುತ್ತಾರೆ, ರಾತ್ರಿ ಬರೀ ಹಣ್ಣು, ಹಾಲು, ಕೆಲವು ದಿನ ಅದೂ ಇಲ್ಲ. ಮಾತ್ರೆ ಮಾತ್ರ ತಪ್ಪಿಸುವವರಲ್ಲ. ಹಬ್ಬದ ಕೊನೆಯಲ್ಲಿ ಹೊಟ್ಟೆ ತೊಳೆಸುವುದು, ವಾಂತಿ, ಮೇಲ್ಹೊಟ್ಟೆಯಲ್ಲಿ ಕಿವುಚಿದ ಹಾಗೆ ನೋವು. ಮನೆಯಲ್ಲಿ ಮೀಟರ್ ಇದೆ, ನೋಡಿದರೆ 186. ಅಪ್ಪನಿಗೆ ಅದು ಮಾಮೂಲು. ಆಸ್ಪತ್ರೆಯಲ್ಲೂ ಶುಗರ್ ನೋಡಿದರು, ಇಸಿಜಿ ತೆಗೆದರು, ಎರಡೂ ಪರವಾಗಿಲ್ಲ ಅಂದರು. ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. ಅವತ್ತು ರಾತ್ರಿಯೇ ಮಾತು ತೊದಲಿತು, ಉಸಿರು ಜೋರಾಯಿತು, ಬೇರೆ ಕಡೆ ಒಯ್ದೆವು. ಅಲ್ಲಿನ ಡ್ಯೂಟಿ ಡಾಕ್ಟರ್ ಚಿಕ್ಕ ಹುಡುಗಿ, ಅಪ್ಪನ ಮಾತ್ರೆ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಒಂದೊಂದೇ ಪಟ್ಟಿ ತಿರುಗಿಸಿ ಹೆಸರು ಓದಿದರು. ಡಾಪಾ ಪಟ್ಟಿ ಕೈಗೆ ಬಂದಾಗ ನಿಲ್ಲಿಸಿ, ಎಬಿಜಿ (ರಕ್ತದ ಆಮ್ಲ ನೋಡುವ ಪರೀಕ್ಷೆ) ಮತ್ತು ಕೀಟೋನ್ ಕಳಿಸಿ ಅಂದರು. ಪಿಎಚ್ 7.12. ಶುಗರ್ ಆಗಲೂ 200ರ ಆಸುಪಾಸು ಅಷ್ಟೇ.

ಅಪ್ಪ ಉಳಿದರು. ಆದರೆ ಶುಗರ್ ಸರಿ ಇದೆ ಅಂತ ಕಳಿಸಿಬಿಟ್ಟರೆ ಇದು ಕೈಗೇ ಸಿಗೋದಿಲ್ಲ. ಇದನ್ನು ಯಾರೂ ನಮಗೆ ಮೊದಲು ಹೇಳಿರಲಿಲ್ಲ, ಮಾತ್ರೆ ಬರೆದುಕೊಟ್ಟಾಗಲೂ ಹೇಳಿರಲಿಲ್ಲ.

ಕ್ಯಾಶುವಾಲ್ಟಿ_ಡ್ಯೂಟಿ

ಮೇಡಂ, ಇದನ್ನು ಬರೆದಿದ್ದಕ್ಕೆ ತುಂಬ ಥ್ಯಾಂಕ್ಸ್. ಇದಕ್ಕೆ ಯೂಗ್ಲೈಸೀಮಿಕ್ ಡಿಕೆಎ ಅನ್ನುತ್ತಾರೆ, ಸಕ್ಕರೆ ಅಷ್ಟೇನೂ ಏರದ ಡಿಕೆಎ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್, ಹೀಗೆ ‘ಗ್ಲಿಫ್ಲೋಜಿನ್’ ಅಂತ ಮುಗಿಯುವ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಹಾಗಾಗಿ ಒಳಗೆ ಕೀಟೋನ್ ಏರುತ್ತಿದ್ದರೂ ರಕ್ತದ ಸಕ್ಕರೆ 250 ದಾಟದೇ ಇರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರ ಮೇ ತಿಂಗಳಲ್ಲೇ ಎಚ್ಚರಿಕೆ ಕೊಟ್ಟಿತ್ತು. ಉಪವಾಸ, ಅನ್ನ ಮುದ್ದೆ ಪೂರ್ತಿ ಬಿಟ್ಟು ಮಾಡುವ ಡಯಟ್, ವಾಂತಿ ಭೇದಿ, ಆಪರೇಷನ್, ವಿಪರೀತ ಕುಡಿತ, ಇಂಥ ಹೊತ್ತಲ್ಲಿ ಅಪಾಯ ಜಾಸ್ತಿ.

ಹಾಗಂತ ಇವು ಕೆಟ್ಟ ಮಾತ್ರೆ ಅಂತ ಯಾರೂ ಇವತ್ತೇ ನಿಲ್ಲಿಸಬೇಡಿ. ಹೃದಯ ಮತ್ತು ಕಿಡ್ನಿಗೆ ಇವುಗಳಿಂದ ದೊಡ್ಡ ಉಪಕಾರ ಇದೆ, ಡಿಕೆಎ ಆಗುವುದು ಕೆಲವೇ ಜನಕ್ಕೆ. ಆದರೆ ನಮ್ಮಲ್ಲಿ 2020ರಲ್ಲಿ ಡಾಪಾ ಪೇಟೆಂಟ್ ಮುಗಿಯಿತು, 2025ರಲ್ಲಿ ಎಂಪಾದ್ದೂ ಮುಗಿಯಿತು, ಬೆಲೆ ಇಳಿಯಿತು, ತಗೊಳ್ಳುವವರು ಜಾಸ್ತಿ ಆದರು. ಬೆಲೆ ಇಳಿದಿದ್ದು ಒಳ್ಳೆಯದೇ. ಜೊತೆಗೆ ಈ ಒಂದು ಮಾತೂ ಮನೆಮನೆಗೆ ಹೋಗಬೇಕಿತ್ತು: ಊಟ ಮಾಡಲು ಆಗದ ದಿನ, ವಾಂತಿ ಆಗುತ್ತಿರುವ ದಿನ ಈ ಮಾತ್ರೆ ಬೇಡ, ಡಾಕ್ಟರ್‌ಗೆ ಫೋನ್ ಮಾಡಿ. ಮೊದಲೇ ಗೊತ್ತಿರುವ ಆಪರೇಷನ್ ಇದ್ದರೆ ಕನಿಷ್ಠ ಮೂರು ದಿನ ಮುಂಚೆ ಇದನ್ನು ನಿಲ್ಲಿಸುತ್ತೇವೆ. ಉಪವಾಸ ಮಾಡುವವರು ಹಬ್ಬಕ್ಕೆ ಮುಂಚೆ ಒಂದು ಸಲ ಡಾಕ್ಟರ್‌ನ ಕೇಳಿ.

2024ರಲ್ಲಿ ಬಂದ ಅಂತಾರಾಷ್ಟ್ರೀಯ ಸೂಚನೆಗಳಲ್ಲೂ ಇದನ್ನು ಗಮನದಲ್ಲಿ ಇಟ್ಟುಕೊಂಡಿದ್ದಾರೆ. ಶುಗರ್ 200 ದಾಟಿರಬೇಕು ಅಥವಾ ಮೊದಲೇ ಸಕ್ಕರೆ ಕಾಯಿಲೆ ಇರಬೇಕು, ಎರಡರಲ್ಲಿ ಒಂದು ಸಾಕು. ಅದರ ಜೊತೆ ಕೀಟೋನ್ ಮತ್ತು ಆಮ್ಲ ಎರಡೂ ಇದ್ದರೆ ಡಿಕೆಎ. ಗರ್ಭಿಣಿಯರಲ್ಲೂ ಸಕ್ಕರೆ ಅಷ್ಟು ಏರದೆಯೇ ಡಿಕೆಎ ಆಗಬಹುದು, ಅದನ್ನೂ ನೆನಪಿಡಿ.

ಲ್ಯಾಬ್_ಉಡುಪಿ

ನಾನು ಲ್ಯಾಬ್ ಟೆಕ್ನಿಷಿಯನ್. ಕೀಟೋನ್ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಮೂತ್ರಕ್ಕೆ ಅದ್ದುವ ಪಟ್ಟಿ, ಹಳೆಯ ರೋಥೆರಾ ಟೆಸ್ಟ್, ಇವು ಹಿಡಿಯೋದು ಅಸಿಟೋಅಸಿಟೇಟ್ ಅನ್ನೋ ಕೀಟೋನ್ ಅನ್ನು. ಡಿಕೆಎಯಲ್ಲಿ ಜಾಸ್ತಿ ಇರೋದು ಬೀಟಾ ಹೈಡ್ರಾಕ್ಸಿಬ್ಯುಟಿರೇಟ್, ಅದು ಈ ಪಟ್ಟಿಯಲ್ಲಿ ಕಾಣೋದೇ ಇಲ್ಲ. ಹಾಗಾಗಿ ಪಟ್ಟಿಯಲ್ಲಿ ಕಡಿಮೆ ಬಂತು ಅಂತ ಧೈರ್ಯ ಮಾಡುವ ಹಾಗಿಲ್ಲ. ಬೆರಳಿನ ರಕ್ತದಲ್ಲೇ ಕೀಟೋನ್ ನೋಡುವ ಮೀಟರ್ ಇದೆ, ಅದು ಸರಿಯಾದ್ದನ್ನು ಅಳೆಯುತ್ತದೆ. 0.6ಕ್ಕಿಂತ ಕಡಿಮೆ ಇದ್ದರೆ ಸರಿ, 1.5 ದಾಟಿದರೆ ತಡ ಮಾಡಬಾರದು, 3 ದಾಟಿದರೆ ನೇರ ಆಸ್ಪತ್ರೆ. ಆ ಸ್ಟ್ರಿಪ್ ದುಬಾರಿ, ಎಲ್ಲ ಮೆಡಿಕಲ್‌ನಲ್ಲೂ ಸಿಗೋದಿಲ್ಲ. ಸಿಗದಿದ್ದರೆ ಮೂತ್ರದ ಪಟ್ಟಿಯಾದರೂ ಮನೆಯಲ್ಲಿ ಇರಲಿ, ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ವಾಸಿ.

ಇನ್ನೊಂದು ಸಂಕಟದ ವಿಷಯ. ಹೊಟ್ಟೆನೋವಿನವರಿಗೆ ಮೂತ್ರ ಪರೀಕ್ಷೆ ಮಾಮೂಲಾಗಿ ಬರೆಯುತ್ತಾರೆ, ಕಲ್ಲು ಅಥವಾ ಸೋಂಕು ಇದೆಯಾ ಅಂತ. ಅದರಲ್ಲಿ "ಶುಗರ್ ನಾಲ್ಕು ಪ್ಲಸ್, ಅಸಿಟೋನ್ ಮೂರು ಪ್ಲಸ್" ಅಂತ ನಾವು ಬರೆದು ಕಳಿಸಿರುತ್ತೇವೆ. ಓದುವವರ ಕಣ್ಣು ಮಾತ್ರ ಕೆಳಗಿನ, ಸೋಂಕು ತೋರಿಸುವ ಪಸ್ ಸೆಲ್ ಸಾಲಿಗೆ ಹೋಗುತ್ತದೆ. ನಾನಂತೂ ಈಗ ಅಂಥ ರಿಪೋರ್ಟ್ ಬಂದರೆ ವಾರ್ಡ್‌ಗೆ ಫೋನ್ ಮಾಡಿಯೇ ಹೇಳುತ್ತೇನೆ.

ಟೈಪ್‌ಒನ್_ಕಲಬುರಗಿ

ನನಗೆ ಟೈಪ್ ಒನ್, ಶಾಲೆಯಲ್ಲಿ ಇದ್ದಾಗಿನಿಂದ. ಆ ನೋವು ಹೇಗಿರುತ್ತದೆ ಅಂತ ಒಳಗಿನಿಂದ ಹೇಳಬಲ್ಲೆ. ಹೊಟ್ಟೆ ಪೂರ್ತಿ ನೋಯುತ್ತದೆ, ಇಲ್ಲೇ ಅಂತ ಬೆರಳಿಟ್ಟು ತೋರಿಸಲು ಆಗೋದಿಲ್ಲ. ಎಷ್ಟು ನೀರು ಕುಡಿದರೂ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ, ಕುಡಿದ ನೀರು ಅರ್ಧ ಗಂಟೆಯಲ್ಲಿ ವಾಂತಿ. ಮಲಗಿದರೂ ಆಗಲ್ಲ, ಕೂತರೂ ಆಗಲ್ಲ. ತಲೆ ಮಂಕಾಗಿ, ನನಗೆ ಸಕ್ಕರೆ ಕಾಯಿಲೆ ಇದೆ ಅಂತ ಹೇಳಬೇಕು ಅನ್ನೋದೂ ಹೊಳೆಯೋದಿಲ್ಲ. ಅದಕ್ಕೇ ನನ್ನ ಪರ್ಸ್‌ನಲ್ಲಿ ಒಂದು ಚೀಟಿ ಇದೆ, ಮೊಬೈಲ್ ಲಾಕ್ ಪರದೆ ಮೇಲೂ ಬರೆದಿದೆ: ಟೈಪ್ ಒನ್, ಇನ್ಸುಲಿನ್ ಬೇಕೇ ಬೇಕು.

ನನಗೆ ಒಮ್ಮೆ ಆಗಿದ್ದು ಏಪ್ರಿಲ್ ತಿಂಗಳಲ್ಲಿ. ನಮ್ಮ ಕಡೆ ಬಿಸಿಲು 40 ದಾಟುತ್ತದೆ, ಗೊತ್ತಲ್ಲ. ಮೆಡಿಕಲ್‌ನಿಂದ ತಂದ ಇನ್ಸುಲಿನ್ ದಾರಿಯಲ್ಲೇ ಎಲ್ಲೋ ಬಿಸಿಗೆ ಕೆಟ್ಟಿತ್ತು ಅನಿಸುತ್ತದೆ. ಲೆಕ್ಕ ಹಾಕಿ ಚುಚ್ಚಿಕೊಂಡರೂ ಶುಗರ್ ಇಳಿಯಲೇ ಇಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಳಸುತ್ತಿರುವುದು 30 ಡಿಗ್ರಿ ಒಳಗಿದ್ದರೆ ಹೆಚ್ಚಿನ ಬ್ರ್ಯಾಂಡ್‌ಗಳಲ್ಲಿ ನಾಲ್ಕು ವಾರ ತಡೆಯುತ್ತದೆ. ಫ್ರಿಜ್ ಇಲ್ಲದವರು ಮಣ್ಣಿನ ಮಡಕೆಯಲ್ಲಿ ನೀರು ಹಾಕಿ, ಒಳಗೆ ಚಿಕ್ಕ ಡಬ್ಬಿಯಲ್ಲಿ ಇಡಬಹುದು, ನಮ್ಮ ತಾಂಡಾದ ಕಡೆ ಮಕ್ಕಳ ತಾಯಂದಿರು ಹಾಗೇ ಇಡುತ್ತಾರೆ, ಕೆಲಸ ಮಾಡುತ್ತದೆ. ಐಸ್ ಮೇಲೆ ನೇರ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದರೆ ಅದು ಕೆಟ್ಟ ಹಾಗೆಯೇ.

ದಾವಣಗೆರೆ ಅಣ್ಣ, ನಿಮ್ಮ ಹುಡುಗಿಗೆ ಜ್ವರ, ವಾಂತಿ ಬಂದ ದಿನ "ಊಟ ಮಾಡಿಲ್ಲ, ಅದಕ್ಕೆ ಇನ್ಸುಲಿನ್ ಬೇಡ" ಅಂತ ಯಾರಾದರೂ ಹೇಳುತ್ತಾರೆ. ಕೇಳಬೇಡಿ. ಕಾಯಿಲೆ ಬಿದ್ದ ದಿನ ಇನ್ಸುಲಿನ್ ಹೆಚ್ಚೇ ಬೇಕಾಗಬಹುದು. ದಿನಕ್ಕೊಮ್ಮೆ ಚುಚ್ಚುವ, ಬಹಳ ಹೊತ್ತು ಕೆಲಸ ಮಾಡುವ ಇನ್ಸುಲಿನ್ ಅಂತೂ ಯಾವ ಕಾರಣಕ್ಕೂ ಬಿಡಬಾರದು. ಎರಡು ಮೂರು ಗಂಟೆಗೊಮ್ಮೆ ಶುಗರ್ ನೋಡಿ, 250 ದಾಟಿದರೆ ಕೀಟೋನ್ ನೋಡಿ, ಗುಟುಕು ಗುಟುಕಾಗಿ ನೀರು ಕುಡಿಸಿ. ನೀರೂ ನಿಲ್ಲದೆ ವಾಂತಿ ಆಗುತ್ತಿದ್ದರೆ ಮನೆಯಲ್ಲಿ ಕೂರಬೇಡಿ.

ದಾವಣಗೆರೆ_ಮಾವ

ತಮ್ಮಾ, ನಿನ್ನ ಪೋಸ್ಟ್ ಅಕ್ಕನಿಗೆ ಓದಿ ಹೇಳಿದೆ. ಮಡಕೆ ವಿಷಯ ಕೇಳಿ ಅವಳಿಗೆ ಬಹಳ ಧೈರ್ಯ ಬಂತು, ನಮ್ಮಲ್ಲಿ ಕರೆಂಟ್ ಹೋದರೆ ಅರ್ಧ ದಿನ ಬರೋದಿಲ್ಲ.

ಒಂದು ಕಷ್ಟ ಇದೆ. ಮನೆಗೆ ನೋಡಲು ಬರುವವರೆಲ್ಲ ಒಂದೊಂದು ಹೇಳುತ್ತಾರೆ. ಹೆಣ್ಣುಮಗು, ಜೀವನಪೂರ್ತಿ ಸೂಜಿ ಅಂದರೆ ಹೇಗೆ, ಇನ್ಸುಲಿನ್ ಅಭ್ಯಾಸ ಆಗಿಬಿಡುತ್ತದೆ, ಇಂಥ ಊರಲ್ಲಿ ಪುಡಿ ಕೊಡುತ್ತಾರೆ, ಮೂರು ತಿಂಗಳಲ್ಲಿ ಸೂಜಿ ಬಿಡಿಸುತ್ತಾರೆ ಅಂತ. ಅದೂ ಅಲ್ಲದೆ ಈಗ ಇನ್ಸುಲಿನ್ ಕಡಿಮೆ ಮಾಡಿದರೂ ಶುಗರ್ ಚೆನ್ನಾಗಿ ಬರುತ್ತಿದೆ. ಅಕ್ಕನ ಅತ್ತೆ ಮನೆಯವರು, ನೋಡಿ ವಾಸಿಯಾಗುತ್ತಿದೆ, ನಿಲ್ಲಿಸಿ ನೋಡೋಣ ಅನ್ನುತ್ತಿದ್ದಾರೆ.

ಟೈಪ್‌ಒನ್_ಕಲಬುರಗಿ

ಅಣ್ಣಾ, ದಯವಿಟ್ಟು ನಿಲ್ಲಿಸಬೇಡಿ. ಇದಕ್ಕೆ ಹನಿಮೂನ್ ಪೀರಿಯಡ್ ಅನ್ನುತ್ತಾರೆ. ಚಿಕಿತ್ಸೆ ಶುರುವಾದ ಮೊದಲ ತಿಂಗಳುಗಳಲ್ಲಿ ಪ್ಯಾಂಕ್ರಿಯಾಸ್‌ನಲ್ಲಿ ಉಳಿದಿರುವ ಸ್ವಲ್ಪ ಕೋಶಗಳು ಚೇತರಿಸಿಕೊಂಡು ಕೆಲಸ ಮಾಡುತ್ತವೆ. ಅನೇಕ ಮಕ್ಕಳಲ್ಲಿ ಹೀಗಾಗುತ್ತದೆ. ಪುಡಿ ಕೊಡುವವರು ಹೆಸರು ಮಾಡೋದು ಈ ಸಮಯದಲ್ಲೇ. ಆಮೇಲೆ ಆ ಕೋಶಗಳೂ ಹೋಗುತ್ತವೆ. ಅಷ್ಟರಲ್ಲಿ ಇನ್ಸುಲಿನ್ ಬಿಟ್ಟಿದ್ದರೆ ಮತ್ತೆ ಅದೇ ಹೊಟ್ಟೆನೋವು, ಅದೇ ಐಸಿಯು. ನನ್ನ ಜೊತೆ ಚಿಕಿತ್ಸೆ ಶುರು ಮಾಡಿದ್ದ ಒಬ್ಬ ಹುಡುಗ ಹಾಗೆಯೇ ಹೋಗಿಬಿಟ್ಟ. ಅವನ ತಾಯಿ ಇವತ್ತಿಗೂ ಸಿಕ್ಕರೆ ನನ್ನ ಕೈ ಹಿಡಿದುಕೊಂಡು ನಿಲ್ಲುತ್ತಾರೆ.

ಅತ್ತೆ ಮನೆಯವರಿಗೆ ಇದನ್ನು ಹೇಳಿ. ಇನ್ಸುಲಿನ್ ಬರುವ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಬಹಳ ಕಾಲ ಬದುಕುತ್ತಿರಲಿಲ್ಲ, ಊಟ ಕಡಿಮೆ ಮಾಡಿ ದಿನ ದೂಡುತ್ತಿದ್ದರು. 1922ರ ಜನವರಿ 11ರಂದು ಕೆನಡಾದ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನೋ 14 ವರ್ಷದ ಹುಡುಗನಿಗೆ ಮೊದಲ ಬಾರಿ ಕೊಟ್ಟರು. ಆ ಡೋಸ್ ಅಷ್ಟು ಶುದ್ಧ ಇರಲಿಲ್ಲ, ಸರಿಯಾಗಿ ಕೆಲಸ ಮಾಡಲಿಲ್ಲ. ಶುದ್ಧ ಮಾಡಿದ್ದನ್ನು 23ನೇ ತಾರೀಕಿನಿಂದ ಕೊಟ್ಟಾಗ ಸಕ್ಕರೆಯೂ ಇಳಿಯಿತು, ಕೀಟೋನ್ ಕೂಡ ಹೋಯಿತು. ಆ ಹುಡುಗ ಇನ್ನೂ ಹದಿಮೂರು ವರ್ಷ ಬದುಕಿದ. ಈಗ ಟೈಪ್ ಒನ್ ಇರುವವರು ಓದುತ್ತಾರೆ, ಕೆಲಸ ಮಾಡುತ್ತಾರೆ, ಮದುವೆ ಆಗುತ್ತಾರೆ, ಮಕ್ಕಳನ್ನು ಹೆರುತ್ತಾರೆ. ಅವಳಿಗೂ ಅದೆಲ್ಲ ಇದೆ. ನಮ್ಮ ಮೈಗೆ ಇನ್ಸುಲಿನ್ ಮೊದಲಿನಿಂದಲೂ ಬೇಕಿತ್ತು, ಈಗ ಒಳಗೆ ತಯಾರಾಗುತ್ತಿಲ್ಲ, ಹೊರಗಿನಿಂದ ಕೊಡುತ್ತಿದ್ದೇವೆ.

ಓದುಗ_ತುಮಕೂರು

ಇಷ್ಟು ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ, ಬೆರಳು ಚುಚ್ಚಿ ನೋಡುವುದಕ್ಕೆ ಪೂರ್ತಿ ಒಪ್ಪಿಗೆ. ಒಂದು ಅನುಮಾನ. ಶುಗರ್ ಜಾಸ್ತಿ ಬಂತು, ಕೀಟೋನ್ ಇದೆ, ಹಾಗಾದರೆ ಹೊಟ್ಟೆನೋವು ಅದರಿಂದಲೇ ಅಂತ ಸರ್ಜನ್‌ನ ಮರೆತುಬಿಡಬಹುದಾ? ನಿಜವಾದ ಅಪೆಂಡಿಕ್ಸೇ ಡಿಕೆಎ ತಂದಿದ್ದರೆ?

ಕ್ಯಾಶುವಾಲ್ಟಿ_ಡ್ಯೂಟಿ

ಬಹಳ ಒಳ್ಳೆಯ ಪ್ರಶ್ನೆ. ಮರೆಯುವ ಹಾಗಿಲ್ಲ. ಸೋಂಕು ಡಿಕೆಎಗೆ ದೊಡ್ಡ ಕಾರಣಗಳಲ್ಲಿ ಒಂದು, ಅಪೆಂಡಿಕ್ಸ್ ಕೂಡ ಸೋಂಕೇ. ಪ್ಯಾಂಕ್ರಿಯಾಸ್ ಊತವೂ ಜೊತೆಗೆ ಇರಬಹುದು. ಹಾಗಾಗಿ ಮೊದಲು ಡ್ರಿಪ್, ಇನ್ಸುಲಿನ್ ಶುರು ಮಾಡಿ ಹೊಟ್ಟೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡಬೇಕು. ಆಮ್ಲ ಇಳಿಯುತ್ತಿದ್ದ ಹಾಗೆ ನೋವೂ ಇಳಿದರೆ ಸರಿ. ಆಮ್ಲ ಸರಿಹೋಗಿಯೂ ನೋವು ಹಾಗೇ ಇದ್ದರೆ, ನೋವು ಒಂದೇ ಜಾಗದಲ್ಲಿ ನಿಂತರೆ, ಜ್ವರ ಇದ್ದರೆ, ಬಿಳಿ ರಕ್ತಕಣ 25,000 ದಾಟಿದ್ದರೆ ಸ್ಕ್ಯಾನಿಂಗ್ ಮಾಡಿಸಿ ಸರ್ಜನ್‌ನ ಕರೆಯಲೇಬೇಕು. ಆಮ್ಲ ಅಷ್ಟೇನೂ ಇಲ್ಲದೆ ನೋವು ಮಾತ್ರ ವಿಪರೀತ ಇದ್ದರೂ ಅನುಮಾನ ಪಡಬೇಕು. ಅಪೆಂಡಿಕ್ಸ್ ಒಡೆದೇ ಡಿಕೆಎ ಆಗಿದ್ದ ರೋಗಿಯನ್ನು ನಾನು ನೋಡಿದ್ದೇನೆ. ಅವರಿಗೂ ಮೊದಲು ನೀರು, ಪೊಟ್ಯಾಸಿಯಂ ಸರಿ ಮಾಡಿಕೊಂಡೇ ಆಪರೇಷನ್‌ಗೆ ಒಯ್ದರು.

ಪೊಟ್ಯಾಸಿಯಂ ಯಾಕೆ ಅಂದರೆ, ಇನ್ಸುಲಿನ್ ಕೊಟ್ಟ ತಕ್ಷಣ ರಕ್ತದಲ್ಲಿರುವ ಪೊಟ್ಯಾಸಿಯಂ ಜೀವಕೋಶದ ಒಳಗೆ ಹೋಗುತ್ತದೆ. ಮೊದಲೇ 3.5ಕ್ಕಿಂತ ಕಡಿಮೆ ಇದ್ದರೆ ಹೃದಯದ ಬಡಿತ ತಪ್ಪಬಹುದು, ಹಾಗಾಗಿ ಮೊದಲು ಅದನ್ನು ತುಂಬಿ ಆಮೇಲೆ ಇನ್ಸುಲಿನ್. "ಬಂದು ಇಷ್ಟೊತ್ತಾಯ್ತು, ಇನ್ನೂ ಇನ್ಸುಲಿನ್ ಕೊಟ್ಟಿಲ್ಲ" ಅಂತ ರೋಗಿಯ ಕಡೆಯವರು ಗಾಬರಿಯಾಗುತ್ತಾರೆ, ಕಾರಣ ಇದಿರಬಹುದು. ಮಕ್ಕಳಲ್ಲಿ ಡ್ರಿಪ್ ಕೂಡ ಲೆಕ್ಕ ಹಾಕಿ ಕೊಡುತ್ತೇವೆ, ಇನ್ಸುಲಿನ್ ಅನ್ನು ಡ್ರಿಪ್ ಶುರುವಾಗಿ ಒಂದು ಗಂಟೆ ಆದ ಮೇಲೆ ಶುರು ಮಾಡುತ್ತೇವೆ. ನೂರಕ್ಕೆ ಒಬ್ಬರಿಗೋ ಅದಕ್ಕಿಂತ ಕಡಿಮೆಯೋ, ಮಿದುಳು ಊದಿಕೊಳ್ಳುವ ಅಪಾಯ ಇದೆ. ಅದಕ್ಕೇ ಗಂಟೆಗೊಮ್ಮೆ ಮಗುವನ್ನು ಎಬ್ಬಿಸಿ ಮಾತಾಡಿಸುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ. ಇನ್ನು ಸಕ್ಕರೆ ಇಳಿದ ಮೇಲೆ ಇನ್ಸುಲಿನ್ ಜೊತೆಗೇ ಡೆಕ್ಸ್‌ಟ್ರೋಸ್ ಹಾಕುತ್ತೇವೆ, ಸಕ್ಕರೆ ಕಾಯಿಲೆಗೆ ಗ್ಲುಕೋಸ್ ಹಾಕುತ್ತಿದ್ದಾರೆ ಅಂತ ಜಗಳಕ್ಕೆ ಬಂದವರಿದ್ದಾರೆ. ಕೀಟೋನ್ ಪೂರ್ತಿ ಹೋಗುವವರೆಗೆ ಇನ್ಸುಲಿನ್ ನಿಲ್ಲಿಸುವ ಹಾಗಿಲ್ಲ, ಸಕ್ಕರೆ ತೀರಾ ಕೆಳಗೆ ಹೋಗದ ಹಾಗೆ ಅದನ್ನು ಹಾಕಬೇಕಾಗುತ್ತದೆ.

ಟೀಚರ್_ಹಾಸನ

ನಾನು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಇದನ್ನೆಲ್ಲ ಓದುತ್ತಾ ಒಂದು ವಿಷಯ ನೆನಪಾಯಿತು. ಇಟಲಿಯ ಪಾರ್ಮಾ ಅನ್ನೋ ಪ್ರಾಂತ್ಯದಲ್ಲಿ 1991ರಲ್ಲಿ ಒಂದು ಪೋಸ್ಟರ್ ಮಾಡಿ ಶಾಲೆಗಳಲ್ಲಿ, ಮಕ್ಕಳ ಡಾಕ್ಟರ್‌ಗಳ ಹತ್ತಿರ ಹಚ್ಚಿದರು. ರಾತ್ರಿ ಹಾಸಿಗೆ ಒದ್ದೆ ಮಾಡುವುದು ನಿಂತಿದ್ದ ಮಗು ಮತ್ತೆ ಶುರು ಮಾಡಿದರೆ, ಬಾಯಾರಿಕೆ ಜಾಸ್ತಿ ಆದರೆ ಸಕ್ಕರೆ ಕಾಯಿಲೆ ಇರಬಹುದು, ತೋರಿಸಿ ಅಂತ. ಅದಕ್ಕೆ ಮುಂಚೆ ಹೊಸದಾಗಿ ಟೈಪ್ ಒನ್ ಪತ್ತೆಯಾದ ಮಕ್ಕಳಲ್ಲಿ 78 ಪರ್ಸೆಂಟ್ ಡಿಕೆಎ ಆದ ಮೇಲೆಯೇ ಬರುತ್ತಿದ್ದರು. ಮುಂದಿನ ಕೆಲವು ವರ್ಷಗಳಲ್ಲಿ ಅದು 12.5ಕ್ಕೆ ಇಳಿಯಿತು. ದೊಡ್ಡ ಮಶೀನ್ ಏನೂ ತರಲಿಲ್ಲ, ಗೋಡೆಗೆ ಒಂದು ಹಾಳೆ ಅಷ್ಟೇ.

ನಮ್ಮ ಮಕ್ಕಳು ಅರ್ಧ ದಿನ ನಮ್ಮ ಕಣ್ಣ ಮುಂದೆ ಇರುತ್ತಾರೆ. ಯಾರು ಪದೇ ಪದೇ "ಮಿಸ್, ಟಾಯ್ಲೆಟ್" ಅಂತ ಕೇಳುತ್ತಾರೆ, ಯಾರು ಬಾಟಲಿ ಮುಗಿಸಿ ಪಕ್ಕದವರ ನೀರೂ ಕುಡಿಯುತ್ತಾರೆ, ಯಾರು ಬಿಸಿಯೂಟ ಚೆನ್ನಾಗಿ ತಿಂದೂ ಸೊರಗುತ್ತಿದ್ದಾರೆ, ಇದು ಅಮ್ಮನಿಗಿಂತ ಮೊದಲು ನಮಗೇ ಕಾಣಬಹುದು. ಕನ್ನಡದಲ್ಲಿ ಹೀಗೊಂದು ಹಾಳೆ ಯಾಕೆ ಮಾಡಬಾರದು? ನಾನು ಬರೆದಿದ್ದು ಹೀಗಿದೆ, ತಿದ್ದಿ:

"ಸಕ್ಕರೆ ಕಾಯಿಲೆ ಮಕ್ಕಳಿಗೂ ಬರುತ್ತದೆ. ನಿಮ್ಮ ಮಗು ಮೊದಲಿಗಿಂತ ಜಾಸ್ತಿ ನೀರು ಕುಡಿಯುತ್ತಿದೆಯಾ? ಮತ್ತೆ ಮತ್ತೆ ಮೂತ್ರಕ್ಕೆ ಹೋಗುತ್ತಿದೆಯಾ, ಹಾಸಿಗೆ ಒದ್ದೆ ಮಾಡುತ್ತಿದೆಯಾ? ಸುಸ್ತಾಗಿ ತೂಕ ಇಳಿಯುತ್ತಿದೆಯಾ? ಇವತ್ತೇ ಬೆರಳು ಚುಚ್ಚಿಸಿ ಶುಗರ್ ನೋಡಿಸಿ. ಹತ್ತಿರದ ಪಿಎಚ್‌ಸಿಯಲ್ಲಿ ಕೇಳಿ."

ಕ್ಯಾಶುವಾಲ್ಟಿ_ಡ್ಯೂಟಿ

ತುಂಬ ಚೆನ್ನಾಗಿದೆ ಮೇಡಂ. ಕೊನೆಗೆ ಇದೊಂದು ಸೇರಿಸಿ: "ಇವುಗಳ ಜೊತೆ ಹೊಟ್ಟೆನೋವು, ವಾಂತಿ ಅಥವಾ ಜೋರು ಉಸಿರು ಇದ್ದರೆ ನಾಳೆಗೆ ಬಿಡಬೇಡಿ. 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ, ಶುಗರ್ ಮತ್ತು ಕೀಟೋನ್ ನೋಡಿ ಅಂತ ನೀವೇ ಬಾಯಿಬಿಟ್ಟು ಕೇಳಿ." ಉಸಿರಲ್ಲಿ ಹಣ್ಣಿನ ವಾಸನೆ ಅಂತ ಪುಸ್ತಕದಲ್ಲಿ ಇರುತ್ತದೆ, ಅದು ಬೇಡ. ಎಷ್ಟೋ ಜನರ ಮೂಗಿಗೆ ಅದು ಗೊತ್ತೇ ಆಗೋದಿಲ್ಲ, ವಾಸನೆ ಇಲ್ಲ ಅಂತ ಸುಮ್ಮನಿದ್ದುಬಿಡುತ್ತಾರೆ.

ಮೈಸೂರು_ಮಗಳು

ದೊಡ್ಡವರಿಗೂ ಬೇರೆ ಹಾಳೆ ಬೇಕು. ಗ್ಲಿಫ್ಲೋಜಿನ್ ಮಾತ್ರೆ, ಉಪವಾಸ, ವಾಂತಿ, ಈ ಮೂರು ಹಾಕಿ ನಾನು ಬರೆಯುತ್ತೇನೆ. ನಮ್ಮ ಬೀದಿಯ ಮೆಡಿಕಲ್ ಶಾಪ್‌ನವರು ಕೌಂಟರ್ ಮೇಲೆ ಹಚ್ಚಲು ಒಪ್ಪಿದ್ದಾರೆ.

ದಾವಣಗೆರೆ_ಮಾವ

ಟೀಚರಮ್ಮ, ಡಾಕ್ಟರ್ ಹೇಳಿದ ಸಾಲು ಸೇರಿಸಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿದೆ. ನಮ್ಮ ಊರಿನ ಶಾಲೆಯ ಹೆಡ್‌ಮಾಸ್ಟರ್ ಒಪ್ಪಿದ್ದಾರೆ, ಅಂಗನವಾಡಿಗೂ ಒಂದು ಕೊಡುತ್ತೇನೆ. ಮೊದಲು ಹೋಗಿದ್ದ ಆ ಕ್ಲಿನಿಕ್‌ಗೂ ಹೋಗಿ ಕೊಟ್ಟು ಬಂದೆ. ಡಾಕ್ಟರ್ ಪೂರ್ತಿ ಓದಿ, ಮಗು ಹೇಗಿದೆ ಅಂತ ವಿಚಾರಿಸಿದರು. ಡ್ರಿಪ್ ಹಾಕುವ ಮಂಚದ ಪಕ್ಕದ ಗೋಡೆಗೆ ಹಚ್ಚಿಸಿದ್ದಾರೆ, ಮೀಟರ್ ಕೂಡ ಅಲ್ಲೇ ಇಟ್ಟಿದ್ದಾರೆ. ಫೈಲ್ ಬೇಕಾದವರು ಇಲ್ಲೇ ಕೇಳಿ, ಕಳಿಸುತ್ತೇನೆ.